ಹಳೆಯ ಮುಚ್ಚಳಗಳ ಅಲೋಶಿಯಸ್

ಮಸ್ಕತ್ತಿನ ಪಕ್ಕದ ಅಲ್ ಅಮೇರಾತ್‌ನಲ್ಲಿ ಅಲೋಶಿಯಸ್ ಮೆಂಡೋನ್ಸಾ ಎಲ್ಲಿದ್ದಾನೆ ಎಂದು ಕೇಳಿದರೆ ನಮ್ಮ ಊರ ಕಡೆಯವರು ತಲೆ ಕೆರೆದುಕೊಳ್ಳುತ್ತಾರೆ. ಮುಚ್ಚಳದ ಅಲೋಶಿಯಸ್ ಎಂದರೆ ಮಾತ್ರ ಮನೆ ಬಾಗಿಲಿನವರೆಗೂ ಬಂದು ತೋರಿಸಿ ಹೋಗುತ್ತಾರೆ. ಈ ಹೆಸರು ಅವನಿಗೆ ಪುಕ್ಕಟೆ ಬಂದದ್ದಲ್ಲ. ಯಾರದೋ ಮಗುವಿನ ಜ್ಞಾನಸ್ನಾನ, ಯಾರದೋ ಮದುವೆಯ ಬೆಳ್ಳಿಹಬ್ಬ, ಇಗರ್ಜಿಯವರು ಹೊರಡಿಸುವ ಪಿಕ್‌ನಿಕ್ಕು, ಎಲ್ಲಿ ಗಾಜಿನ ಬಾಟಲಿ ತೆರೆಯುತ್ತಾರೋ ಅಲ್ಲಿ ಅವನು ಹಾಜರು. ಬಾಟಲಿ ತೆರೆಯುವವನ ಕೈಯಿಂದ ಓಪನರು ಕಿತ್ತುಕೊಂಡು, "ಹಾಗಲ್ಲ ಮಾರಾಯಾ, ಕೊಡು ಇಲ್ಲಿ" ಎನ್ನುತ್ತಿದ್ದ.

ಆಮೇಲೆ ಪಾಠ. ಜೇಬಿನಿಂದ ಐವತ್ತು ಬೈಸೆಯ ನಾಣ್ಯ ತೆಗೆದು ಮುಚ್ಚಳದ ನೆತ್ತಿಯ ಮೇಲೆ ಇಡುವುದು. ಓಪನರಿನ ಮೂತಿ ನಾಣ್ಯದ ಮೇಲೆ ಕೂರಬೇಕು, ಮುಚ್ಚಳದ ಮೇಲಲ್ಲ. ಒಂದು ಕಡೆ ಕೂದಲೆಳೆಯಷ್ಟು ಎತ್ತುವುದು, ಬಾಟಲಿ ತಿರುಗಿಸುವುದು, ಇನ್ನೊಂದು ಕಡೆ ಅಷ್ಟೇ ಎತ್ತುವುದು. ಹೀಗೆ ನಾಲ್ಕು ಸುತ್ತು ಬಂದರೆ ಮುಚ್ಚಳ ಚೂರೂ ಬಗ್ಗದೆ ಕೈಗೆ ಬರುತ್ತದೆ. ಅದರ ಅಂಚಿನ ಇಪ್ಪತ್ತೊಂದು ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಒಳಗಿನ ಮೆತ್ತನೆಯ ಪದರಕ್ಕೆ ಗಾಯವಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಗಿಯ ಜೇಬಿಗೆ ಇಳಿಸುತ್ತಿದ್ದ. ನೆಂಟರಿಷ್ಟರು ಬಾಯಾರಿ ನಿಂತಿದ್ದರೂ ಅವನಿಗೆ ಅವಸರವಿಲ್ಲ. ಅವನ ಹೆಂಡತಿ ಕ್ಯಾರೋಲಿನ್‌ಗೆ ಆಗೆಲ್ಲ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸುತ್ತಿತ್ತು.

ಅವನಿಗೆ ಮುಚ್ಚಳ ಬೇಕಿದ್ದದ್ದು ಬಿಯರಿಗೆ. ಮದುವೆಗೆ ಮುಂಚೆ ಒಂದೇ ಕೋಣೆಯಲ್ಲಿದ್ದ ಸ್ಟ್ಯಾನಿ ಎಂಬವನು ಕಲಿಸಿದ ವಿದ್ಯೆ ಅದು. ಅಂಗಡಿಯಲ್ಲಿ ಸಿಗುವ ಅಮಲಿಲ್ಲದ ಮಾಲ್ಟ್ ಪಾನೀಯವನ್ನು ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ಸುರಿಯುವುದು, ಸಕ್ಕರೆಯನ್ನೂ ಬ್ರೆಡ್ಡಿಗೆ ಹಾಕುವ ಈಸ್ಟನ್ನೂ ಬೆರೆಸಿ ಹತ್ತು ದಿನ ಬಿಡುವುದು. ಗುಳುಗುಳು ನಿಂತ ಮೇಲೆ ಅದೇ ಪಾನೀಯದ ಖಾಲಿ ಬಾಟಲಿಗಳಿಗೆ ತುಂಬಿಸಿ, ಪ್ರತಿ ಬಾಟಲಿಗೂ ಒಂದು ಚಮಚ ಸಕ್ಕರೆ ಹಾಕಿ ಮುಚ್ಚಳ ಒತ್ತುವುದು. ಆ ಚಮಚ ಸಕ್ಕರೆಯೇ ಒಳಗೆ ಹುಳಿತು ನೊರೆಯಾಗುವುದು. ಸ್ಟ್ಯಾನಿ ಊರಿಗೆ ಹೋಗುವಾಗ ಮುಚ್ಚಳ ಒತ್ತುವ ಎರಡು ಹಿಡಿಯ ಕೈಯಂತ್ರವನ್ನು ಅವನಿಗೇ ಬಿಟ್ಟು ಹೋದ. ಯಂತ್ರವೇನೋ ಸಿಕ್ಕಿತು, ಹೊಸ ಮುಚ್ಚಳ ಸಿಗಬೇಕಲ್ಲ? ಯಾವ ಅಂಗಡಿಯಲ್ಲಿ ಹೋಗಿ ಕೇಳುವುದು? ಮನೆಯವರಿಗೆ ಬಾಟಲಿ ಮುಚ್ಚಳ ಯಾಕೆ ಎಂದು ಅಂಗಡಿಯವನು ಮೇಲಿಂದ ಕೆಳಗೆ ನೋಡದೆ ಇರುತ್ತಾನೆಯೇ? ಪರವಾನಗಿ ಮಾಡಿಸಿ ಅಂಗಡಿಯಿಂದ ತಂದು ಕುಡಿಯುವುದು ಬೇರೆ, ಮನೆಯಲ್ಲಿ ಕದ್ದು ತಯಾರಿಸುವುದು ಬೇರೆ. ಸಿಕ್ಕಿಬಿದ್ದರೆ ಗಂಟುಮೂಟೆ ಕಟ್ಟಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು.

ಅವನೇನು ಕುಡುಕನಲ್ಲ. ಶುಕ್ರವಾರ ಎರಡು ಬಾಟಲಿ, ಹಬ್ಬಕ್ಕೆ ಮೂರು. ಶಿರ್ವದಿಂದ ಇಲ್ಲಿಗೆ ಬಂದು ಮೂವತ್ತೊಂದು ವರ್ಷ ಒಂದೇ ಕಂಪನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿ ಮೊಳೆ, ನಲ್ಲಿ, ಪೈಪುಗಳ ನಡುವೆ ಕಳೆದವನು. ಯಾವುದನ್ನೂ ಬಿಸಾಡಬಾರದು ಎಂಬುದು ಅವನ ರಕ್ತಕ್ಕೇ ಇಳಿದಿತ್ತು. ಬಿಯರು ನೆಪ, ಮುಚ್ಚಳ ಉಳಿಸುವುದರಲ್ಲೇ ಅವನಿಗೆ ಹೆಚ್ಚು ಸುಖವಿತ್ತೆಂದು ನನ್ನ ಗುಮಾನಿ.

ನೀಲಕಂಠ ಅವನ ಬದುಕಿಗೆ ಬಂದದ್ದು ಎಸಿ ರಿಪೇರಿಗೆಂದು. ಜಮಖಂಡಿಯವನು, ಎಸಿ ಮೆಕ್ಯಾನಿಕ್, ಅಲೋಶಿಯಸನಿಗಿಂತ ಹದಿಮೂರು ವರ್ಷ ಚಿಕ್ಕವನು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ತನ್ನ ಕಂಪನಿಯವರ ಜೊತೆ ಕೋಣೆ ಹಂಚಿಕೊಂಡಿದ್ದ. ಹೆಂಡತಿ ನಾಗವ್ವ ಊರಿನಲ್ಲಿ. ಎಸಿ ಸರಿಯಾದ ಖುಷಿಗೆ ಅಲೋಶಿಯಸ್ ಒಂದು ಬಾಟಲಿ ತಂದು ಮುಂದಿಟ್ಟ. ನೀಲಕಂಠ ಅದನ್ನು ಕುಡಿಯುವ ಬದಲು ಕಿವಿಯ ಹತ್ತಿರ ಹಿಡಿದ. ಆಮೇಲೆ ತನ್ನ ಚೀಲದಿಂದ ಸಾಬೂನಿನ ನೊರೆಯ ಡಬ್ಬಿ ತೆಗೆದು, ಗ್ಯಾಸ್ ಸೋರುತ್ತಿದೆಯೇ ಎಂದು ನೋಡಲು ಎಸಿ ಪೈಪಿಗೆ ಹಚ್ಚುವ ಹಾಗೆ ಮುಚ್ಚಳದ ಸುತ್ತ ಬ್ರಶ್ಶಿನಿಂದ ಹಚ್ಚಿದ. ಮುಚ್ಚಳದ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು.

"ನಿಮ್ಮ ಮುಚ್ಚಳ ಉಸರಾಡಾಕತ್ತೈತಿ ನೋಡ್ರಿ ಅಣ್ಣಾರ," ಎಂದು ಅವನು ನಕ್ಕ.

ಅಲೋಶಿಯಸನಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಮ್ಮೆ ತೆರೆದ ಮುಚ್ಚಳ ಎಷ್ಟು ಒತ್ತಿದರೂ ಮೊದಲಿನಂತೆ ಕೂರುವುದಿಲ್ಲ. ಅದಕ್ಕೆಂದೇ ವರ್ಷಗಳು ಕಳೆದ ಹಾಗೆ ಸಕ್ಕರೆಯನ್ನು ಒಂದು ಚಮಚದಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರಿಸಿದ್ದ. ಸೋರುವಷ್ಟು ಸೋರಲಿ, ಉಳಿದದ್ದು ನಮಗೆ ಎಂಬ ಲೆಕ್ಕ. ಅದು ಅವನ ಸ್ವಂತ ಶೋಧ, ಅದರ ಬಗ್ಗೆ ಅವನಿಗೆ ಇಗರ್ಜಿಯ ಗಂಟೆಗೋಪುರದಷ್ಟು ಎತ್ತರದ ಹೆಮ್ಮೆ.

ಅಂದಿನಿಂದ ಆರು ವರ್ಷ ನೀಲಕಂಠ ಶುಕ್ರವಾರದ ಊಟಕ್ಕೆ ಅವರ ಮನೆಗೇ ಬರುತ್ತಿದ್ದ. ಕ್ಯಾರೋಲಿನ್‌ಳನ್ನು ಅತ್ತಿಗೆಯನ್ನು ಕರೆಯುವ ಹಾಗೆ ವೈನಿ ಎನ್ನುತ್ತಿದ್ದ. ಅವಳು ಅವನಿಗೆಂದು ಮೀನಿಲ್ಲದ ಸಾರು ಬೇರೆ ಮಾಡಿಡುತ್ತಿದ್ದಳು. ಬಿಯರು ಕುಡಿಯುವುದನ್ನು ಮಾತ್ರ ಅವನು ಊರಿನವರಿಂದ ಮುಚ್ಚಿಟ್ಟಿದ್ದ. ನಾಗವ್ವನ ಫೋನು ಬಂದರೆ ಗ್ಲಾಸನ್ನು ಪರದೆಯ ಹಿಂದೆ ಸರಿಸಿ, ಮುಖ ತೊಳೆದು ಬಂದು ಮಾತಾಡುತ್ತಿದ್ದ. "ಕೊರಳಾಗ ಲಿಂಗಾ ಕಟ್ಟಿಕೊಂಡು ಕುಡಿತಾನ ಅಂತ ಗೊತ್ತಾದ್ರ ಆಕಿ ನನ್ನ ಮನಿಯೊಳಗ ಸೇರಿಸೂದಿಲ್ರಿ," ಎನ್ನುತ್ತಿದ್ದ. ಇವರು ನಗುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಶುಕ್ರವಾರ ಒಂದು ದಿನವಾದರೂ ಗಲಾಟೆ ಇರುತ್ತಿತ್ತು.

ಹೋದ ವರ್ಷ ಅಲೋಶಿಯಸನಿಗೆ ಐವತ್ತೊಂಬತ್ತು ತುಂಬಿತು. ಕ್ಯಾರೋಲಿನ್ ಗುಟ್ಟಾಗಿ ಒಂದು ಕೆಲಸ ಮಾಡಿದಳು. ಮಂಗಳೂರಿನಿಂದ ಬರುತ್ತಿದ್ದ ತಂಗಿಯ ಮಗ ಆಶ್ಲೆಗೆ ಹೇಳಿ ಇನ್ನೂರು ಹೊಸ ಮುಚ್ಚಳ ತರಿಸಿದಳು. ಬಂಗಾರದ ಬಣ್ಣದವು, ಒಂದು ಗೀರಿಲ್ಲದವು. ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿ ಕೊಟ್ಟಳು.

"ಇನ್ನು ನೀವು ಯಾರ ಪಾರ್ಟಿಯಲ್ಲೂ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಬೇಕು ಅಂತ ಇಲ್ಲ. ನನಗೂ ನಾಲ್ಕು ಜನರ ಎದುರು ತಲೆ ಎತ್ತಿ ನಡೀಲಿಕ್ಕೆ ಬಿಡಿ," ಎಂದಳು.

ಅಲೋಶಿಯಸ್ ಮುಚ್ಚಳಗಳನ್ನು ಮೊರದಲ್ಲಿ ಹರಡಿಕೊಂಡು ಎರಡು ದಿನ ನೋಡಿದ. ಮೂರನೆಯ ದಿನ ಬಾಟಲಿ ತುಂಬಿಸಲು ಕೂತ. ಅದು ಆಗಸ್ಟ್ ತಿಂಗಳು, ಶನಿವಾರ. ನೀಲಕಂಠನೂ ಇದ್ದ. ಅಲೋಶಿಯಸ್ ಬಾಟಲಿಗಳ ಸಾಲು ಮಾಡಿ ಎಂದಿನಂತೆ ಚಮಚ ಹಿಡಿದ. ಒಂದು, ಎರಡು, ಮೂರು.

"ಅಣ್ಣಾರ, ತಡೀರಿ," ಎಂದ ನೀಲಕಂಠ. "ಹಳೇ ಮುಚ್ಚಳಕ್ಕ ಮೂರು ಚಮಚ ಸರಿ ಇತ್ತು. ಇದು ಹೊಸಾದು, ಗಟ್ಟಿ ಕುಂದರತೈತಿ. ಒಳಗಿನ ಗ್ಯಾಸ್ ಎಲ್ಲಿ ಹೋಗಬೇಕ್ರಿ? ಒಂದ ಚಮಚ ಹಾಕ್ರಿ."

"ನೀನು ಎಸಿ ನೋಡಿಕೋ ಮಾರಾಯಾ. ಇದು ನಾನು ಮಾಡ್ಲಿಕ್ಕೆ ಶುರು ಮಾಡುವಾಗ ನಿನಗೆ ಮೀಸೆ ಬಂದಿರ್ಲಿಲ್ಲ."

"ಗ್ಯಾಸ್ ಹೆಚ್ಚಾದ್ರ ಏನಾಕ್ಕೈತಿ ಅಂತ ನಾ ದಿನಾ ನೋಡ್ತೇನ್ರಿ."

"ಮೂರು ಅಂದ್ರೆ ಮೂರು. ಖಲಾಸ್."

ನೀಲಕಂಠ ದೊಡ್ಡವರ ಮಾತಿಗೆ ಎದುರಾಡುವವನಲ್ಲ. ಅವನೇ ಕೈಯಂತ್ರ ಹಿಡಿದು ನಲವತ್ತೆಂಟು ಬಾಟಲಿಗೂ ಮುಚ್ಚಳ ಒತ್ತಿದ. ಅಷ್ಟನ್ನೂ ಇಬ್ಬರೂ ಸೇರಿ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು, ಯಾರೂ ಬಳಸದ ಹಿಂದಿನ ಬಚ್ಚಲಿಗೆ ಸಾಗಿಸಿದರು. ಅಲೋಶಿಯಸನ ಇಡೀ ಜೀವಮಾನದಲ್ಲಿ ಒಂದೇ ಒಂದು ಬಾಟಲಿ ಒಡೆದಿರಲಿಲ್ಲ. ಅದು ತನ್ನ ಕೈಗುಣವೆಂದೇ ಅವನು ತಿಳಿದಿದ್ದ. ಇಷ್ಟು ವರ್ಷ ಕಾಪಾಡಿದ್ದು ಸೋರುವ ಹಳೆಯ ಮುಚ್ಚಳಗಳು ಎಂಬುದು ಆ ಬಡಪಾಯಿಗೆ ಹೊಳೆಯಲೇ ಇಲ್ಲ. ಹೇಳಿದವನ ಮಾತು ಕೇಳಲೂ ಇಲ್ಲ.

ಮುಂದಿನ ಶುಕ್ರವಾರ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಗಂಡ ಹೆಂಡತಿ ನೀಲಕಂಠನ ಜೊತೆ ಊಟಕ್ಕೆ ಕೂತಿದ್ದರು. ಮಧ್ಯಾಹ್ನ ಎರಡು ಗಂಟೆ. ಹೊರಗೆ ಬೋಳು ಗುಡ್ಡಗಳಿಂದ ಕಾವು ಏಳುತ್ತಿತ್ತು, ಹಿಂದಿನ ಬಚ್ಚಲಿಗೆ ಎಸಿ ಇರಲಿಲ್ಲ. ಕ್ಯಾರೋಲಿನ್ ಅನ್ನ ಬಡಿಸುತ್ತಿದ್ದಾಗ ಒಳಗೆ ಢಂ ಎಂದಿತು. ಗಾಜು ಹಂಚಿನ ನೆಲದ ಮೇಲೆ ಬಿದ್ದು ಚೆದುರಿದ ಸದ್ದು. ಹಿಂದೆಯೇ ಇನ್ನೊಂದು.

ಕ್ಯಾರೋಲಿನ್ ಸೌಟು ಕೆಳಗಿಟ್ಟು ಓಡಿದಳು. ಅವಳು ಬಚ್ಚಲ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ನೀಲಕಂಠ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ವೈನಿ, ನೀವು ಹೊರಗ ನಿಲ್ರಿ. ಅಣ್ಣಾರ, ನೀವೂ ಬರಬ್ಯಾಡ್ರಿ. ಒಂದೊಂದ ಗ್ಯಾಸ್ ಬಿಡ್ತೇನಿ, ಇಲ್ಲಂದ್ರ ಎಲ್ಲಾ ಹಾರತಾವು."

ತಲೆಗೆ ಟವೆಲು ಸುತ್ತಿಕೊಂಡು ಒಳಗೆ ಹೋದ. ಮೊದಲ ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಲೆಂದು ಬಾಗಿದ. ಮೂರನೆಯ ಬಾಟಲಿ ಅವನ ಮುಖದ ಎದುರಿಗೇ ಸಿಡಿಯಿತು.

ಅವನು ಕೂಗಲಿಲ್ಲ. "ಅಯ್ ಶಿವನ" ಎಂದಷ್ಟೇ ಅಂದು, ಗೋಡೆ ಹಿಡಿದುಕೊಂಡು ತಾನೇ ಹೊರಗೆ ನಡೆದು ಬಂದ. ಬಲಗಣ್ಣಿನ ಮೇಲೆ ಅಂಗೈ ಇತ್ತು. ಬೆರಳುಗಳ ಸಂದಿಯಿಂದ ರಕ್ತವೂ ಬಿಯರೂ ಸೇರಿ ಮೊಣಕೈವರೆಗೆ ಹರಿಯುತ್ತಿತ್ತು. ಕ್ಯಾರೋಲಿನ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಒಗೆದ ಟವೆಲು ಒತ್ತಿ ಹಿಡಿದಳು. "ಕಾರಿನ ಕೀ ತಗೊಳ್ಳಿ," ಎಂದು ಗಂಡನಿಗೆ ಕೂಗಿದಳು.

ಅಲೋಶಿಯಸ್ ಕೀಲಿಗೆ ಕೈ ಹಾಕಿದ. ಅದೇ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು.

ಕೆಳಗಿನ ಕಿರಾಣಿ ಅಂಗಡಿಯ ಮುನಾಫ್. ಉಳ್ಳಾಲದ ಬ್ಯಾರಿ, ಒಳ್ಳೆಯ ಮನುಷ್ಯ. "ಎಂತ ಆಯ್ತು ಅಲೋಶಿಯಣ್ಣಾ? ದೊಡ್ಡ ಶಬ್ದ ಬಂತಲ್ಲ," ಎಂದು ಹೊರಗಿನಿಂದಲೇ ಕೇಳಿದ.

"ಎಂತ ಇಲ್ಲ ಮುನಾಫಾ, ಕುಕ್ಕರು," ಎಂದ ಅಲೋಶಿಯಸ್, ಬಾಗಿಲು ತೆರೆಯದೆ.

"ಯಾರಿಗಾದ್ರೂ ತಾಗಿತಾ? ಆಸ್ಪತ್ರೆಗೆ ಹೋಗ್ಬೇಕಾ? ನನ್ನ ಗಾಡಿ ಇಲ್ಲೇ ಉಂಟು."

"ಬೇಡ ಬೇಡ. ಯಾರಿಗೂ ಎಂತ ಆಗ್ಲಿಲ್ಲ."

ಮುನಾಫನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಅಲೋಶಿಯಸ್ ಹಾಗೇ ನಿಂತ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವನಲ್ಲ ಅವನು. ಈಗ ಮೂಗಿಗೆ ಇಡೀ ಮನೆ ಹುಳಿ ವಾಸನೆ ಹೊಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಕೇಳುತ್ತಾರೆ, ಏನು ಸಿಡಿಯಿತು, ಎಲ್ಲಿ ಸಿಡಿಯಿತು. ಕೇಳಿದವರು ಮನೆಗೆ ಬಂದರೆ? ನಲವತ್ತೈದು ಬಾಟಲಿ ಇನ್ನೂ ಕೂತಿವೆ. ತನ್ನನ್ನು ಕೈಕೋಳ ಹಾಕಿ ಕರೆದೊಯ್ಯುವುದು, ಇಗರ್ಜಿಯವರ ವಾಟ್ಸಾಪ್ ಗುಂಪಿನಲ್ಲಿ ತನ್ನ ಫೋಟೋ ಓಡಾಡುವುದು, ಎಲ್ಲವೂ ಕಣ್ಣಿಗೆ ಕಟ್ಟಿತು.

"ಮೊದಲು ಇದನ್ನು ಕ್ಲೀನ್ ಮಾಡುವ. ಅರ್ಧ ಗಂಟೆ. ಆಮೇಲೆ ಹೋಗುವ," ಎಂದ.

"ನಿಮಗೆ ತಲೆ ಸರಿ ಉಂಟಾ? ಕಣ್ಣು ಹೋಗ್ತಾ ಉಂಟು ಅವನದ್ದು, ನಿಮಗೆ ನೆಲ ಒರೆಸುವ ಚಿಂತೆ!"

"ನಿನಗೆ ಅರ್ಥ ಆಗುವುದಿಲ್ಲ. ಪೊಲೀಸರು ಬಂದ್ರೆ ಮೂವರನ್ನೂ ಒಳಗೆ ಹಾಕ್ತಾರೆ. ಅವನನ್ನೂ."

ಕ್ಯಾರೋಲಿನ್ ಏನೋ ಹೇಳಲು ಹೊರಟಳು. ಕುರ್ಚಿಯಲ್ಲಿ ಕೂತ ನೀಲಕಂಠನೇ ತಡೆದ. "ಮಾಡ್ರಿ ಅಣ್ಣಾರ. ನಾ ಕುಂತಿರ್ತೇನಿ. ಉಳಿದಾವು ಹಂಗ ಬಿಟ್ರ ಅವೂ ಹಾರತಾವು," ಎಂದ. ಅವನ ತುಟಿ ಬಿಳಿಚಿತ್ತು. ಆ ಮಾತನ್ನು ಅಲೋಶಿಯಸ್ ಅಪ್ಪಣೆ ಎಂದು ತೆಗೆದುಕೊಂಡ. ಮುಂದೆಯೂ ಎಷ್ಟೋ ಸಲ ಅದನ್ನೇ ನೆನಪಿಸಿಕೊಂಡು ಸಮಾಧಾನ ಹುಡುಕಿದ, ಸಿಗಲಿಲ್ಲ.

ದಪ್ಪ ರಜಾಯಿ ಹೊದ್ದುಕೊಂಡು ಬಚ್ಚಲಿಗೆ ಹೋದ. ಒಂದೊಂದೇ ಬಾಟಲಿಯನ್ನು ರಜಾಯಿಯ ಮಡಿಕೆಯೊಳಗೆ ಹಿಡಿದು ತೆರೆದು, ನೊರೆಯನ್ನು ಬಚ್ಚಲಿಗೆ ಬಿಟ್ಟು, ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕುತ್ತ ಹೋದ. ಹೊರಗೆ ಕ್ಯಾರೋಲಿನ್ ಒಂದು ಕೈಯಲ್ಲಿ ನೀಲಕಂಠನ ತಲೆ ಹಿಡಿದು, ಇನ್ನೊಂದು ಕೈಯಲ್ಲಿ ಜಪಸರ ಹಿಡಿದು ಗಡಿಯಾರ ನೋಡುತ್ತಿದ್ದಳು. ಅರ್ಧ ಗಂಟೆ ಕಳೆಯಿತು. ಕೊನೆಗೆ ತಡೆಯಲಾರದೆ ಬಂದು ಬಚ್ಚಲಿಗೆ ಇಣುಕಿದಳು.

ಅವಳ ಗಂಡ ಕಾಲು ಮಡಿಸಿ ಕೂತು, ಮುಚ್ಚಳದ ಮೇಲೆ ಐವತ್ತು ಬೈಸೆಯ ನಾಣ್ಯ ಇಟ್ಟು, ಒಂದು ಕಡೆ ಎತ್ತಿ, ತಿರುಗಿಸಿ, ಇನ್ನೊಂದು ಕಡೆ ಎತ್ತಿ, ನಾಲ್ಕು ಸುತ್ತಿನಲ್ಲಿ ತೆರೆಯುತ್ತಿದ್ದ. ಬಂದ ಮುಚ್ಚಳವನ್ನು ಹೆಬ್ಬೆರಳಿನಿಂದ ಸವರಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಎಂತ ಮಾಡ್ತಾ ಇದ್ದೀರಿ ನೀವು?" ಎಂದು ಅವಳು ಕೇಳಿದ ದನಿಗೆ ಅವನು ಬೆಚ್ಚಿಬಿದ್ದ. ತನ್ನ ಕೈ ನೋಡಿಕೊಂಡ. ನಿಧಾನ ತೆರೆದರೆ ಸಿಡಿಯುವುದಿಲ್ಲ ಅಂತ, ಎಂದು ತೊದಲಿದ. ಅದು ಸುಳ್ಳಲ್ಲ. ಆದರೆ ಜೇಬಿನ ಮುಚ್ಚಳಗಳಿಗೆ ಅದು ಉತ್ತರವಾಗಲಿಲ್ಲ. ಕ್ಯಾರೋಲಿನ್ ಓಪನರು ಕಿತ್ತುಕೊಂಡು, ಉಳಿದ ಇಪ್ಪತ್ತು ಚಿಲ್ಲರೆ ಬಾಟಲಿಗಳನ್ನು ಮುಖ ಆಚೆ ತಿರುಗಿಸಿ ಟಪಟಪನೆ ತೆರೆದು ಎಸೆದಳು. ಆಮೇಲೆ ನೆಲ ತೊಳೆದು, ಕಿಟಕಿ ತೆರೆದು, ಲೋಬಾನ ಹಚ್ಚಿಟ್ಟು, ಕಾರು ಹೊರಟಾಗ ಮೂರು ಗಂಟೆ ಇಪ್ಪತ್ತೈದು ನಿಮಿಷ.

ಗುಡ್ಡ ಹತ್ತಿ ಇಳಿದು ಮಸ್ಕತ್ತಿಗೆ ಹೋಗುವ ದಾರಿಯಲ್ಲಿ ಮೂವರೂ ಒಂದು ಮಾತಿಗೆ ಬಂದರು. ಅಮಲಿಲ್ಲದ ಮಾಲ್ಟ್ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಮರೆತಿದ್ದೆವು, ತೆಗೆಯುವಾಗ ಒಡೆಯಿತು. ನೀಲಕಂಠನೇ ಅದನ್ನು ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡ. ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಹೊತ್ತಾಯಿತು ಎಂದು.

"ಈಗಷ್ಟೇ," ಎಂದ ಅಲೋಶಿಯಸ್. "ತಾಗಿದ ಕೂಡಲೇ ಹೊರಟು ಬಂದೆವು."

ಅವಳು ಟವೆಲಿನಲ್ಲಿ ಒಣಗಿ ಗಟ್ಟಿಯಾಗಿದ್ದ ರಕ್ತವನ್ನು ನೋಡಿದಳು. ಅವನ ಮುಖವನ್ನು ನೋಡಿದಳು. ಮತ್ತೇನೂ ಕೇಳದೆ ನೀಲಕಂಠನನ್ನು ಒಳಗೆ ಕರೆದೊಯ್ದಳು. ಪೊಲೀಸರಿಲ್ಲ, ವಿಚಾರಣೆಯಿಲ್ಲ, ಯಾರೂ ಬರಲೇ ಇಲ್ಲ. ಅಲೋಶಿಯಸ್ ಹೊರಗಿನ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಾಗ ಜೇಬಿನ ಮುಚ್ಚಳಗಳು ಎದೆಗೆ ಚುಚ್ಚಿದವು.

ಎರಡು ಆಪರೇಷನ್ ಆಯಿತು. ಹದಿನೇಳು ದಿನಗಳ ಬಳಿಕ ಬಲಗಣ್ಣು ಹೋಯಿತೆಂದು ಹೇಳಿಬಿಟ್ಟರು. ಒಂದು ಗಂಟೆ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಲು ಅಲೋಶಿಯಸ್ ಮೂರು ಸಲ ಆ ಕೋಣೆಯ ಬಾಗಿಲವರೆಗೆ ಹೋದ. ಉಳಿಯುತ್ತಿರಲಿಲ್ಲ ಎಂದರೆ ಬದುಕಿದೆ. ಉಳಿಯುತ್ತಿತ್ತು ಎಂದರೆ? ಮೂರು ಸಲವೂ ಹಿಂದೆ ಬಂದ. ಇವತ್ತಿಗೂ ಅವನಿಗೆ ಅದರ ಉತ್ತರ ಗೊತ್ತಿಲ್ಲ, ಗೊತ್ತಿಲ್ಲದೆ ಇರುವುದನ್ನೂ ಅವನೇ ಆರಿಸಿಕೊಂಡದ್ದು.

ಮನೆಯಲ್ಲಿ ಮಾತು ನಿಂತೇ ಹೋಯಿತು. ಕ್ಯಾರೋಲಿನ್ ಒಂದೇ ಒಂದು ಸಲ ಅಂದಳು, "ಮುಚ್ಚಳ ತರಿಸಿದ್ದು ನಾನಲ್ವಾ. ನನ್ನ ಮರ್ಯಾದೆ ಉಳೀಲಿ ಅಂತ." ಅವಳು ಅತ್ತಾಗ ಅವನು ಪಕ್ಕದಲ್ಲಿ ಕೂತು, ನಿನ್ನದೇನು ತಪ್ಪಿಲ್ಲ ಎಂದ. ತಪ್ಪು ಯಾರದೆಂದು ಮಾತ್ರ ಹೇಳಲಿಲ್ಲ.

ಒಂದೇ ಕಣ್ಣಿನವನನ್ನು ಮಹಡಿಗಳ ಮೇಲೆ ಹತ್ತಿಸಲಾಗುವುದಿಲ್ಲ ಎಂದಿತು ನೀಲಕಂಠನ ಕಂಪನಿ. ಕೆಳಗೆ ಕೂತು ಮಾಡುವ ಕೆಲಸ ಅವರ ಹತ್ತಿರ ಇರಲಿಲ್ಲ. ಅಕ್ಟೋಬರಿನಲ್ಲಿ ವೀಸಾ ಮುಗಿಯುತ್ತಿತ್ತು, ಅದನ್ನು ಮುಂದುವರಿಸಲಿಲ್ಲ. ಹೊರಡುವ ದಿನ ಅಲೋಶಿಯಸನೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟ. ದಾರಿಯುದ್ದಕ್ಕೂ ನೀಲಕಂಠ ಎಡಗಡೆಗೆ ತಿರುಗಿ, ಗುಡ್ಡ ನೋಡುವವನ ಹಾಗೆ ಕೂತಿದ್ದ. ಇಲ್ಲಿ ಕಾರಿನ ಸ್ಟಿಯರಿಂಗು ಇರುವುದು ಎಡಕ್ಕೆ. ಅಲೋಶಿಯಸ್ ಎಡಕ್ಕಿದ್ದ, ನೀಲಕಂಠ ನೋಡುತ್ತಿದ್ದದ್ದು ಅವನನ್ನೇ. ಗುಡ್ಡ ಅವನ ನೆಪ.

ಸಾಮಾನು ಇಳಿಸಿದ ಮೇಲೆ ಅಲೋಶಿಯಸ್ ಬಾಯಿ ತೆರೆದ. "ನೀಲಕಂಠಾ, ನೀನು ಅವತ್ತು ಹೇಳಿದ್ದೆ. ಸಕ್ಕರೆ..."

"ಬಿಡ್ರಿ ಅಣ್ಣಾರ. ಆಗಿದ್ದು ಆತು," ಎಂದ ನೀಲಕಂಠ. "ಊರಾಗ ಏನ ಹೇಳಬೇಕೋ ನಾ ಹೇಳೀನಿ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ. ವೈನಿನ್ನ ಚಲೋತ್ನ್ಯಾಗ ನೋಡ್ಕೋರಿ." ಬಗ್ಗಿ ಅವನ ಕಾಲು ಮುಟ್ಟಿದ. ಮುಟ್ಟುವಾಗ ಅಂದಾಜು ತಪ್ಪಿ ಕೈ ಒಂದು ಗೇಣು ಆಚೆ ನೆಲಕ್ಕೆ ತಾಗಿತು, ಮತ್ತೆ ತಡಕಾಡಿ ಪಾದ ಹುಡುಕಿಕೊಂಡ. ಅಲೋಶಿಯಸ್ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಊರಿನಲ್ಲಿ ಅವನು ಏನು ಹೇಳಿದ್ದನೆಂಬುದು ತಿಳಿದದ್ದು ನವೆಂಬರಿನಲ್ಲಿ. ಒಂದು ಸಂಜೆ ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದಾಗ ಜಮಖಂಡಿಯಿಂದ ಫೋನು ಬಂತು. ನೀಲಕಂಠನಿರಬೇಕೆಂದು ಎತ್ತಿದರೆ ಹೆಣ್ಣಿನ ದನಿ.

"ಅಣ್ಣಾರ, ನಾ ನಾಗವ್ವ ಮಾತಾಡ್ತೀನ್ರಿ. ಅವರು ಒಳಗ ಮಲಗ್ಯಾರ. ಅವರಿಗೆ ಗೊತ್ತಾಗಬಾರ್ದಂತ ಹಿತ್ತಲಕ ಬಂದು ಮಾತಾಡಾಕತ್ತೀನಿ."

"ಹೇಳಿ ನಾಗವ್ವಾ. ಹುಷಾರುಂಟಾ ಅವನು?"

"ಅದಾರ್ರಿ. ಎಲ್ಲಾ ಹೇಳ್ಯಾರ ನನಗ. ನಿಮ್ಮ ಮನ್ಯಾಗ ಆ ಸುಡುಗಾಡು ಬೀರು ಮಾಡಿದ್ದು. ನೀವು ಬ್ಯಾಡ ಬ್ಯಾಡ ಅಂದ್ರೂ ಹಟಾ ಮಾಡಿ ಸಕ್ಕರಿ ಹೆಚ್ಚಿಗಿ ಹಾಕಿದ್ದು. ತಿಂಗಳಾತ್ರಿ, ನಾ ಅವರ ಜೋಡಿ ಮಾತ ಬಿಟ್ಟೀನಿ. ಕೊರಳಾಗಿನ ಲಿಂಗದ ಮ್ಯಾಲೆ ಕೈ ಇಟ್ಟು ಕುಡಿಯೂದಿಲ್ಲ ಅಂದಿದ್ದ ಮನಷ್ಯಾ." ಅವಳು ಉಸಿರೆಳೆದುಕೊಂಡಳು. "ಅದು ನಮ್ಮ ಹಣೇಬರಾ ಬಿಡ್ರಿ. ಆದರ ನಿಮ್ಮ ಮನೀಗೆ ಕೆಟ್ಟ ಹೆಸರು ಬರೂ ಕೆಲಸಾ ಮಾಡಿ ಬಂದ್ರಲ್ಲಾ. ಅಂಥಾದ್ರಾಗೂ ನೀವು ಒಂದು ಗಳಿಗಿ ತಡಾ ಮಾಡದ ದವಾಖಾನಿಗೆ ಒಯ್ದ್ರಂತ. ನೀವಿದ್ರಿ ಅಂತ ಒಂದು ಕಣ್ಣರ ಉಳದೈತಿ."

ಫೋನು ಅವನ ಕಿವಿಗೆ ಸುಟ್ಟ ಹಾಗಾಯಿತು. ಅಡುಗೆಮನೆಯ ಬಾಗಿಲಲ್ಲಿ ಕ್ಯಾರೋಲಿನ್ ಬಂದು ನಿಂತಿದ್ದಳು. ನಾಗವ್ವನ ದನಿ ದೊಡ್ಡದು, ಮಾತೆಲ್ಲ ಹೊರಗೆ ಕೇಳುತ್ತಿತ್ತು.

"ಅವರ ತಪ್ಪನ್ನ ಹೊಟ್ಟ್ಯಾಗ ಹಾಕ್ಕೊಳ್ರಿ ಅಣ್ಣಾರ," ಎಂದಳು ನಾಗವ್ವ. ಈಗ ಅವಳು ಅಳುತ್ತಿದ್ದಳು. "ಕ್ಷಮಾ ಮಾಡೀನಿ ಅಂತ ಒಂದ ಮಾತು ಅನ್ರಿ. ನೀವು ಮಾಡಿದ್ರಿ ಅಂದ್ರ ನನಗೂ ಅವರನ್ನ ಕ್ಷಮಾ ಮಾಡಾಕ ಮನಸು ಬರತೈತಿ."

ಅಲೋಶಿಯಸ್ ನಿಜ ಹೇಳಿದ ಎಂದು ಬರೆಯಲು ನನಗೂ ಆಸೆ. ಹೇಳಬೇಕೆಂದು ಅವನ ಬಾಯಿ ತೆರೆದದ್ದಂತೂ ಹೌದು. ಹೇಳಿದರೆ ನೀಲಕಂಠ ಹೆಂಡತಿಯ ಎದುರು ಇನ್ನೊಮ್ಮೆ ಸುಳ್ಳನಾಗುತ್ತಾನೆ, ಎಂದು ಒಳಗಿನಿಂದ ಒಂದು ದನಿ ಅಂದಿತು. ಆ ದನಿ ಎಷ್ಟು ಬೇಗ ಬಂತೆಂದರೆ, ಅದು ಕರುಣೆಯಲ್ಲ, ಅವತ್ತು ಬಾಗಿಲಾಚೆ ನಿಂತ ಮುನಾಫನಿಗೆ ಕುಕ್ಕರು ಎಂದು ಉತ್ತರ ಕೊಟ್ಟದ್ದೇ ಈ ದನಿ ಎಂದು ಅವನಿಗೆ ಗುರುತು ಸಿಕ್ಕಿತು. ಕ್ಯಾರೋಲಿನ್ ಅವನನ್ನೇ ನೋಡುತ್ತಿದ್ದಳು, ಕಾಯುತ್ತಿದ್ದಳು. ಆಚೆ ಹಿತ್ತಲಲ್ಲಿ ನಾಗವ್ವನೂ ಕಾಯುತ್ತಿದ್ದಳು.

"ಅಳಬೇಡಿ ನಾಗವ್ವಾ," ಎಂದ ಅವನು. "ನಾನು ಮನಸ್ಸಲ್ಲಿ ಇಟ್ಟುಕೊಳ್ಳಲಿಲ್ಲ. ಕ್ಷಮಿಸಿದ್ದೇನೆ."

ಕ್ಯಾರೋಲಿನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಗವ್ವ ಇನ್ನೂ ಅವನನ್ನು ಹರಸುತ್ತಿದ್ದಳು, ಅವನು ಫೋನು ಹಿಡಿದು ಕೊನೆಯವರೆಗೂ ಕೇಳಿದ.